ಹದಿನೇಳು ಅಂಕ

ಬಿ.ಎ. ಕೊನೆಯ ವರ್ಷದ ಫಲಿತಾಂಶ ಬಂದ ದಿನ ಹಾವೇರಿಯ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತು ನನ್ನ ನಂಬರನ್ನು ಮೂರು ಸಲ ಹುಡುಕಿದೆ. ಇರಲಿಲ್ಲ. ನನ್ನ ಗೆಳತಿಯ ನಂಬರ್ ಇತ್ತು. ನಮ್ಮಿಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತಿದ್ದುದರಿಂದ ಮೂರು ವರ್ಷ ಹಾಜರಿ ಪುಸ್ತಕದಲ್ಲಿ ನನ್ನ ಕೆಳಗೆ ಅವಳು. ಪರೀಕ್ಷೆಯ ನಂಬರಿನಲ್ಲೂ ಹಾಗೆಯೇ, ಕೊನೆಯ ಅಂಕಿಯೊಂದೇ ಬೇರೆ. ಟೈಪ್ ಮಾಡಿದವರು ಒಂದು ನಂಬರ್ ಬಿಟ್ಟಿರಬೇಕು ಅಂದುಕೊಂಡು ಆಫೀಸಿಗೆ ಹೋದೆ. ಅಲ್ಲಿಯ ಗುಮಾಸ್ತರು ದೊಡ್ಡ ಹಾಳೆ ಬಿಡಿಸಿ, ಸ್ಕೇಲು ಇಟ್ಟು ನನ್ನ ಸಾಲನ್ನು ಓದಿದರು. ಎಲ್ಲ ವಿಷಯಗಳಲ್ಲೂ ಐವತ್ತು, ಅರವತ್ತರ ಮೇಲೆ. ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಹದಿನೇಳು.

"ಹದಿನೇಳ? ಎಪ್ಪತ್ತೇಳ ಇರಬೇಕ್ರಿ, ಬರೋಬ್ಬರಿ ನೋಡ್ರಿ," ಅಂದೆ.

ಅವರು ಸ್ಕೇಲನ್ನು ಅಲ್ಲಾಡಿಸದೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಒಂದು, ಏಳು. ಅದರ ಕೆಳಗಿನ ಸಾಲು ನನ್ನ ಗೆಳತಿಯದು. ಅದೇ ಪತ್ರಿಕೆಯಲ್ಲಿ ಅವಳಿಗೆ ಅರವತ್ತೆಂಟು ಬಂದಿತ್ತು.

ಬ್ಯಾಡಗಿಯಲ್ಲಿ ನಮ್ಮ ಅಬ್ಬಾನದು ಗೋಣಿಚೀಲದ ಅಂಗಡಿ. ಮೆಣಸಿನಕಾಯಿ ಪೇಟೆಗೆ ಬೇಕಾಗುವ ಹಳೆಯ ಚೀಲಗಳನ್ನು ಕೊಂಡು, ಹರಿದದ್ದನ್ನು ಹೊಲಿಸಿ ಮಾರುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣು ನಾನು. ಡಿಗ್ರಿ ಒಂದೇ ಸಲಕ್ಕೆ ಪಾಸಾದರೆ ಬಿ.ಎಡ್. ಮಾಡಿಸುತ್ತೇನೆ, ಒಂದು ಸಲ ಫೇಲಾದರೂ ಓದು ಅಲ್ಲಿಗೆ ಮುಗಿಯಿತು ಎಂದು ಅಬ್ಬಾ ಕರಾರು ಮಾಡಿದ್ದರು. ಅದು ಅವರ ಮನಸ್ಸಿನ ಕರಾರಲ್ಲ, ನನ್ನನ್ನು ಕಾಲೇಜಿಗೆ ಕಳಿಸಿದ್ದಕ್ಕೆ ಬೈಯುತ್ತಿದ್ದ ಬಂಧುಗಳ ಮುಂದೆ ಅವರು ಒಪ್ಪಿಕೊಂಡ ಮಾತು. ಬಿ.ಎಡ್. ಅರ್ಜಿಯ ಕೊನೆಯ ದಿನಕ್ಕೆ ಇನ್ನು ಮೂರು ವಾರ ಇತ್ತು.

ಗೆಳತಿ ಮೋಟೆಬೆನ್ನೂರಿನ ಒಕ್ಕಲುತನದ ಮನೆಯವಳು. ಬ್ಯಾಡಗಿಯಿಂದ ಹೊರಟ ಬಸ್ಸು ಮೋಟೆಬೆನ್ನೂರಿಗೆ ಬಂದು ಹೆದ್ದಾರಿ ಹಿಡಿಯುವಾಗ ಅವಳು ಹತ್ತುತ್ತಿದ್ದಳು. ನಾನು ಪಕ್ಕದಲ್ಲಿ ಪುಸ್ತಕ ಇಟ್ಟು ಅವಳಿಗೆ ಜಾಗ ಹಿಡಿದಿರುತ್ತಿದ್ದೆ. ಮೂರು ವರ್ಷ ಅವಳ ಬುತ್ತಿಯ ಕಟಕರೊಟ್ಟಿ ತಿಂದವಳು ನಾನು. ನಮ್ಮ ಹಬ್ಬದ ಶೀರಕುರ್ಮಾ ಪಾಯಸದ ಡಬ್ಬಿಗೆ ಅವಳು ದಾರಿ ಕಾಯುತ್ತಿದ್ದಳು. ಕನ್ನಡ, ಇತಿಹಾಸ ಅವಳಿಗೆ ಸಲೀಸು. ಲೆಕ್ಕ ಕಂಡರೆ ಮಾತ್ರ ಅವಳ ಕೈ ತಣ್ಣಗಾಗುತ್ತಿತ್ತು. ಸರಾಸರಿ, ಮಧ್ಯಾಂಕ, ಸೂಚ್ಯಂಕ ಎಲ್ಲವನ್ನೂ ನಾನು ಬಸ್ಸಿನಲ್ಲೇ ಅವಳಿಗೆ ಹೇಳಿಕೊಡುತ್ತಿದ್ದೆ. ಬಸ್ಸು ಇಳಿಯುವಷ್ಟರಲ್ಲಿ ಮರೆಯುತ್ತಿದ್ದಳು.

ಆ ದಿನ ಆಫೀಸಿನಿಂದ ಹೊರಬಂದಾಗ ಅವಳು ಬೇವಿನ ಗಿಡದ ಕೆಳಗೆ ನಿಂತಿದ್ದಳು. ಪಾಸಾದ ಮುಖವಾಗಿರಲಿಲ್ಲ ಅದು.

"ಅರವತ್ತೆಂಟು ನಂದಲ್ಲಲೇ," ಅಂದಳು. "ನಾ ಎರಡ ಲೆಕ್ಕಾ ಮಾಡಿದ್ದೆ, ಅದರಾಗ ಒಂದು ಅರ್ಧಕ್ಕ ಬಿಟ್ಟಿದ್ದೆ. ಹದಿನೇಳು ನಂದು. ಬರಿಯುವಾಗ ಸಾಲು ತಪ್ಪ್ಯಾವ ನೋಡು."

"ನಾ ಅರ್ಜಿ ಹಾಕ್ತೇನಿ. ಅವರು ಮತ್ತೊಮ್ಮೆ ನೋಡ್ಲಿ."

"ಹಾಕು. ನಂದಲ್ಲದ್ದು ನನಗ್ಯಾಕ ಬೇಕು?"

ಹಾಗೆ ಹೇಳಿ ಅವಳು ಬೆರಳಿನ ಹೊಸ ಉಂಗುರ ತಿರುಗಿಸಿದಳು. ಅವಳ ಲಗ್ನ ನಿಶ್ಚಯವಾಗಿತ್ತು. ಗಂಡು ರಾಣೆಬೆನ್ನೂರಿನವನು, ಬೀಜದ ಕಂಪನಿಯೊಂದರಲ್ಲಿ ನೌಕರಿ. ಡಿಗ್ರಿ ಆದ ಹುಡುಗಿಯೇ ಬೇಕು ಎಂದು ಹುಡುಕಿ ಬಂದ ಮನೆತನ. ಅದು ನನಗೂ ನೆನಪಾಯಿತು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಹದಿನೇಳು ಬಿಟ್ಟರೆ ಬೇರೇನೂ ನಿಲ್ಲುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳ ಅಪ್ಪ ನಮ್ಮ ಅಂಗಡಿಗೆ ಬಂದರು. ಅದೇ ಮೊದಲ ಸಲ. ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲ್, ಕೈಯಲ್ಲಿ ನಮ್ಮ ಮನೆಗೆಂದು ತಂದ ಬದನೆಕಾಯಿಯ ಗಂಟು. ಅಬ್ಬಾ ಎದ್ದು, "ಬರ್ರಿ ಗೌಡ್ರ, ಕುಂದ್ರಿ," ಎಂದು ಚೀಲದ ಹೊರೆಯ ಮೇಲೆ ಹೊಸ ಚೀಲ ಹಾಸಿ ಕೂರಿಸಿದರು. ಚಹಾ ಬರುವತನಕ ಇಬ್ಬರೂ ಮಳೆಯ ಮಾತಾಡಿದರು. ಚಹಾ ಕುಡಿದಾದ ಮೇಲೆ ಅವರು ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನನ್ನು ಕರೆದರು.

"ತಂಗಿ, ನೀ ಅರ್ಜಿ ಹಾಕಾಕಿ ಅಂತ ಮಗಳು ಹೇಳಿದ್ಲು. ಹಾಕಬ್ಯಾಡ ಅನ್ನಾಕ ನನಗ ಬಾಯಿಲ್ಲ. ಆದ್ರೂ ಒಂದ ಮಾತು ಕೇಳಾಕ ಬಂದೇನಿ. ನೀ ಮತ್ತ ಬರದ್ರ ಪಾಸಾಗ್ತಿ. ಅಕಿ ಮತ್ತ ಬರದ್ರ ಆಗೂದಿಲ್ಲ. ನನ್ನ ಮಗಳು ಎಷ್ಟರಾಕಿ ಅಂತ ನನಗ ಗೊತ್ತೈತಿ. ಅಕಿ ಲಗ್ನ ಒಂದ ಆಗಿಹೋಗ್ಲಿ, ಆಮ್ಯಾಲೆ ನೀ ಏನರ ಮಾಡು."

ನಾನು ಅಬ್ಬಾನ ಮುಖ ನೋಡಿದೆ. ಅವರು ಸೂಜಿಗೆ ಸುತಳಿ ಪೋಣಿಸುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ಅಷ್ಟೊತ್ತಿಗೆ ನನ್ನ ಬಿ.ಎಡ್. ಹೋಗಿರ್ತೈತ್ರಿ," ಅಂದೆ.

"ಮುಂದಿನ ವರ್ಷ ಮಾಡಿದ್ರಾತು, ತಂಗಿ."

ಮುಂದಿನ ವರ್ಷ ಎಂಬುದು ನನಗೆ ಇರಲಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಅಬ್ಬಾನ ಕರಾರು ಅವರಿಗೆ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಅಬ್ಬಾ ಉರ್ದುವಿನಲ್ಲಿ, "ಅವರು ಹೇಳೋದೂ ಸುಳ್ಳಲ್ಲ. ನಿನ್ನ ಮನಸ್ಸಿಗೆ ಬಂದಂಗ ಮಾಡು," ಎಂದಷ್ಟೇ ಹೇಳಿದರು. ಆ ಮಧ್ಯಾಹ್ನ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಬೇವಿನ ಗಿಡದ ಕೆಳಗೆ 'ಹಾಕು' ಅಂದವಳು ಮನೆಗೆ ಹೋಗಿ ಅಪ್ಪನನ್ನು ಕಳಿಸಿದ್ದಾಳೆ ಎಂದು ನಂಬಿದೆ. ಅವಳನ್ನು ಕೇಳುವ ಗೋಜಿಗೂ ಹೋಗಲಿಲ್ಲ.

ಮರುದಿನವೇ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಅರ್ಜಿ ಬರೆದುಕೊಟ್ಟೆ. ನನ್ನ ಉತ್ತರಪತ್ರಿಕೆಯ ಅಂಕಗಳನ್ನು ಮತ್ತೆ ಎಣಿಸಬೇಕು, ಮುಂದಿನ ನಂಬರಿನ ಅಂಕಗಳ ಜೊತೆ ಅದಲುಬದಲಾಗಿರುವ ಅನುಮಾನವಿದೆ ಎಂದು. ಆ ಎರಡನೆಯ ವಾಕ್ಯ ಬರೆಯದಿದ್ದರೂ ನಡೆಯುತ್ತಿತ್ತು. ಬೇಕೆಂದೇ ಬರೆದೆ.

ಅದನ್ನು ಓದಿದ ಪ್ರಿನ್ಸಿಪಾಲರು ಗೆಳತಿಗೂ ಹೇಳಿಕಳಿಸಿದರು. ಎರಡು ದಿನ ಬಿಟ್ಟು ನಾವಿಬ್ಬರೂ ಅವರ ಕೋಣೆಯಲ್ಲಿ ನಿಂತೆವು. ಅರ್ಥಶಾಸ್ತ್ರದ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಆಫೀಸಿನ ಗುಮಾಸ್ತರು ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದರು. ಪ್ರಿನ್ಸಿಪಾಲರು ಒಳ್ಳೆಯವರು, ಮೆತ್ತಗೆ ಕೇಳಿದರು.

"ನೋಡವಾ, ಯಾರೋ ತಪ್ಪು ಮಾಡ್ಯಾರ ಅಂತ ಸುಮ್ನ ಬರ್ಯಾಕ ಬರೂದಿಲ್ಲ. ನಿನಗ ಯಾಕ ಹಂಗ ಅನಸ್ತೈತಿ?"

ಗೆಳತಿ ನನ್ನ ಕಡೆ ನೋಡಿದಳು. ಅವಳೇ ಹೇಳುತ್ತಿದ್ದಳೋ ಏನೋ. ಒಂದು ಉಸಿರಿನಷ್ಟು ಹೊತ್ತು ಕಾದಿದ್ದರೆ ಸಾಕಿತ್ತು. ನಾನು ಕಾಯಲಿಲ್ಲ.

"ಸರ್, ಅಕಿಗೇ ಕೇಳ್ರಿ. ಮಧ್ಯಾಂಕ ಅಂದ್ರ ಏನಂತ ಈಗ ಇಲ್ಲೇ ಹೇಳ್ಲಿ. ಅರವತ್ತೆಂಟು ತಗೊಂಡಾಕಿಗೆ ಅಷ್ಟರ ಗೊತ್ತಿರಬೇಕಲ್ರಿ?"

ಮೇಷ್ಟ್ರಿಗೆ ಇರುಸುಮುರುಸಾಯಿತು. ಆದರೂ ಕೇಳಿದರು. "ಹೇಳವಾ, ಹೆದರಬ್ಯಾಡ."

ಅವಳು ಪ್ರಿನ್ಸಿಪಾಲರ ಮೇಜಿನ ಗಾಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬಾಗಿಲ ಬಳಿ ಗುಮಾಸ್ತರು ಸಣ್ಣಗೆ ನಕ್ಕದ್ದು ಕೇಳಿಸಿತು. ಅವಳ ಕಣ್ಣೀರು ಗಾಜಿನ ಮೇಲೆ ಬಿತ್ತು. ಅವಳು ಸೆರಗಿನಿಂದ ಮೊದಲು ಒರೆಸಿದ್ದು ಗಾಜನ್ನು, ಕಣ್ಣನ್ನಲ್ಲ.

"ನೀ ಹೋಗವಾ," ಎಂದು ಪ್ರಿನ್ಸಿಪಾಲರು ಅವಳನ್ನು ಕಳಿಸಿ, ನನ್ನ ಅರ್ಜಿಯ ಮೇಲೆ ಸಹಿ ಹಾಕಿದರು. ಹಾಕುವಾಗ ನನ್ನ ಮುಖ ನೋಡಲಿಲ್ಲ. ನಾನು ಗೆದ್ದವಳಂತೆ ಹೊರಗೆ ಬಂದೆ. ಅವಳು ಆಗಲೇ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಿದ್ದಳು. ಅವಳು ಹತ್ತುವ ಬಸ್ಸು ಬಿಟ್ಟು ನಾನು ಮುಂದಿನದಕ್ಕೆ ಹತ್ತಿದೆ.

ಅರ್ಜಿ ಯೂನಿವರ್ಸಿಟಿಗೆ ಹೋಯಿತು. ಬಿ.ಎಡ್. ಅರ್ಜಿಯ ಕೊನೆಯ ದಿನ ಬಂತು, ಹೋಯಿತು. ಟಪಾಲಿನವನು ಬರುವ ಹೊತ್ತಿಗೆ ದಿನವೂ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಅವನು ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಎಂದು ತೋರಿಸಿ ಸೈಕಲ್ ಮುಂದೆ ಹೊಡೆಯುತ್ತಿದ್ದ. ಮನೆಯಲ್ಲಿ ನನ್ನ ನಿಕಾಹದ ಮಾತು ಶುರುವಾಗಿತ್ತು. ಯಾರೂ ಜೋರು ಮಾಡಲಿಲ್ಲ, ಬೈಯಲೂ ಇಲ್ಲ. ಅಮ್ಮೀ ಮಾತ್ರ ನನ್ನ ಕಾಲೇಜಿನ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಟ್ರಂಕಿಗೆ ಹಾಕಿ, ಆ ಜಾಗದಲ್ಲಿ ಪಿಂಗಾಣಿ ತಟ್ಟೆಗಳನ್ನು ಜೋಡಿಸಿದಳು.

ಆ ನಡುವೆ ಒಂದು ದಿನ ಮೋಟೆಬೆನ್ನೂರಿನ ಒಬ್ಬ ಹೆಂಗಸು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆಂದು ಬ್ಯಾಡಗಿಗೆ ಬಂದವಳು, ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಅಮ್ಮೀಗೆ ಸುದ್ದಿ ಹೇಳಿದಳು. ರಾಣೆಬೆನ್ನೂರಿನವರು ಬಂದು ಲಗ್ನ ಮುರಿದುಕೊಂಡು ಹೋದರಂತೆ.

"ಹುಡುಗಿ ಮ್ಯಾಲೆ ಯೂನಿವರ್ಸಿಟಿಯಾಗ ಕೇಸ್ ಐತಂತ್ರೆವಾ. ಬ್ಯಾರೆಯವರ ಮಾರ್ಕ್ಸ್ ಕದ್ದಾಳಂತ. ಪ್ರಿನ್ಸಿಪಾಲ್ ಮುಂದ ನಿಂದರ್ಸಿ ಪ್ರಶ್ನಿ ಕೇಳಿದ್ರ ಒಂದಕ್ಕೂ ಉತ್ತರಾ ಬರ್ಲಿಲ್ಲಂತ. ಮದುವಿಗಂತ ಹಂದರದ ಗಳಾ ತಂದು ಹಾಕಿದ್ರು. ಪಾಪ, ಅವರಪ್ಪ ಹೊಲಕ್ಕ ಹೋಗೂದೂ ಬಿಟ್ಟಾನ."

ಒಳಗೆ ರೊಟ್ಟಿ ಹಿಟ್ಟಿನಲ್ಲಿ ನನ್ನ ಕೈ ಇತ್ತು. ಅದು ಒಣಗುವತನಕ ಹಾಗೇ ಕೂತಿದ್ದೆ. ಆ ಕೋಣೆಯಲ್ಲಿ ಇದ್ದವರು ಐದು ಜನ. ಸುದ್ದಿ ಹೊರಗೆ ಒಯ್ದವರು ಯಾರೇ ಇರಲಿ, ಮಾತನ್ನು ಅವರ ಬಾಯಿಗೆ ಹಾಕಿದವಳು ನಾನು. ಆದರೂ ಒಂದು ಸಮಾಧಾನ ಹೇಳಿಕೊಂಡೆ: ನಾನು ಹೇಳಿದ್ದು ಸುಳ್ಳಂತೂ ಅಲ್ಲ. ತಪ್ಪು ಯೂನಿವರ್ಸಿಟಿಯದು. ಅವರು ತಿದ್ದಿದರೆ ಎಲ್ಲರಿಗೂ ಖರೇ ಏನೆಂದು ಗೊತ್ತಾಗುತ್ತದೆ, ಅವಳು ಕದ್ದವಳಲ್ಲ ಎನ್ನುವುದೂ ಗೊತ್ತಾಗುತ್ತದೆ.

ಮಳೆಗಾಲದ ಕೊನೆಗೆ ಉತ್ತರ ಬಂತು. ಅಚ್ಚಾದ ಒಂದು ಸಣ್ಣ ಕಾಗದ. ನಡುವೆ ಖಾಲಿ ಬಿಟ್ಟ ಜಾಗದಲ್ಲಿ ನನ್ನ ನಂಬರು, ಅದರ ಮುಂದೆ: ಅಂಕಗಳಲ್ಲಿ ಬದಲಾವಣೆ ಇಲ್ಲ.

ಅಬ್ಬಾ ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ನೋಡಿದರು. ನಾನು ಊಟ ಬಿಟ್ಟೆ. ನಾಲ್ಕನೆಯ ದಿನ ಅಬ್ಬಾ ಅಂಗಡಿ ಮುಚ್ಚಿ, "ನಡಿ, ಹೋಗಿ ಕೇಳೂಣು. ಕಣ್ಣಿಲೆ ನೋಡಿ ಬಂದ್ರ ನಿನಗೂ ಸಮಾಧಾನ," ಅಂದರು.

ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಲ್ಲಿ ಬೆಳಿಗ್ಗೆಯಿಂದ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ನಡೆದೆವು. ಉತ್ತರಪತ್ರಿಕೆ ವಿದ್ಯಾರ್ಥಿಗೆ ತೋರಿಸುವ ಪದ್ಧತಿ ಇಲ್ಲ ಎಂದು ಎಲ್ಲರೂ ಹೇಳಿದರು. ಊಟದ ಹೊತ್ತಿಗೆ ಅಬ್ಬಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೊನೆಯ ಕಿಟಕಿಯಲ್ಲಿದ್ದ ವಯಸ್ಸಾದ ಗುಮಾಸ್ತರು ಅವರನ್ನು ಎರಡು-ಮೂರು ಸಲ ನೋಡಿರಬೇಕು. ಬುತ್ತಿ ಡಬ್ಬಿ ಮುಚ್ಚಿ, ನನ್ನನ್ನು ಕರೆದರು.

"ಎಲ್ಲಿಂದ ಬಂದೀರಿ?"

"ಬ್ಯಾಡಗಿಯಿಂದ್ರಿ."

"ನಿನಗ ತೋರ್ಸಾಕ ಬರೂದಿಲ್ಲ. ನಾ ಹೋಗಿ ನೋಡಿ ಬಂದು ಹೇಳ್ತೇನಿ. ಅಷ್ಟಾದ್ರ ಸಾಕಿಲ್ಲೋ?"

ನನ್ನ ಅರ್ಜಿಯ ಪ್ರತಿ ತೆಗೆದುಕೊಂಡು ಅವರು ಒಳಗೆ ಹೋದರು. ಬಹಳ ಹೊತ್ತಾಯಿತು. ಬಂದವರು ಕಿಟಕಿಯಲ್ಲಿ ಕೂರಲಿಲ್ಲ. ಬದಿಯ ಬಾಗಿಲಿಂದ ವರಾಂಡಕ್ಕೆ ಬಂದು, ನನ್ನನ್ನು ಕಂಬದ ಹತ್ತಿರ ಕರೆದರು. ದನಿ ಇಳಿಸಿ ಕೇಳಿದರು.

"ಈ ಅರ್ಜಿ ಯಾರು ಬರದಾರ?"

"ನಾನೇ ಬರದೇನ್ರಿ."

"ಇದರಾಗಿನ ಅಕ್ಷರಾ ವಾಲ್ಯಾವ. ಪೇಪರಿನಾಗಿನ ಅಕ್ಷರಾ ದುಂಡಗದಾವ. ಎರಡು ಲೆಕ್ಕಾ ಮಾಡಿದ್ದೈತಿ, ಒಂದು ಅರ್ಧಕ್ಕ ನಿಂತೈತಿ. ಹೆಡ್ಡಿಂಗಿಗೆಲ್ಲಾ ಪೆನ್ಸಿಲ್ಲಿನಿಂದ ಎರಡೆರಡು ಗೀಟು. ಮ್ಯಾಲೆ ನಂಬರ್ ನಿಂದು. ಆದ್ರ ಆ ನಂಬರ್ ಬರದ ಕೈನೂ ನಿಂದಲ್ಲ."

ಪೆನ್ಸಿಲ್ಲಿನಿಂದ ಎರಡೆರಡು ಗೀಟು ಎಳೆಯುವವಳು ನನ್ನ ಗೆಳತಿ. ದುಂಡನೆಯ ಅಕ್ಷರ ಅವಳದು. ಉರ್ದು ಮೊದಲು ಕಲಿತ ನನ್ನ ಕನ್ನಡ ಅಕ್ಷರಗಳು ಯಾವಾಗಲೂ ಒಂದು ಕಡೆ ವಾಲುತ್ತಿದ್ದವು.

"ಹಾಲ್ ಟಿಕೇಟ್ ಅದಲುಬದಲು ಮಾಡ್ಕೊಂಡೀರೇನು?" ಎಂದು ಅವರು ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಆ ಬೆಳಗು ನೆನಪಾಯಿತು. ಸಂಖ್ಯಾಶಾಸ್ತ್ರ ನಮ್ಮ ಮೊದಲ ಪರೀಕ್ಷೆ. ಗೆಳತಿ ಏನನ್ನಾದರೂ ಕಳೆದುಕೊಳ್ಳುವವಳೆಂದು ಇಬ್ಬರ ಹಾಲ್ ಟಿಕೇಟುಗಳನ್ನೂ ನಾನೇ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ. ಆ ದಿನ ಬಸ್ಸು ತಡವಾಗಿ, ಸ್ಟ್ಯಾಂಡಿನಿಂದ ಕಾಲೇಜಿಗೆ ಓಡಿ ಬಂದಿದ್ದೆವು. ಗಂಟೆ ಹೊಡೆದಿತ್ತು. ನಾಲ್ಕು ಮಡಿಕೆಯ ಎರಡು ಟಿಕೇಟು ತೆಗೆದು ಒಂದನ್ನು ಅವಳ ಕೈಗಿಟ್ಟೆ. ಹೊರಗಿನ ಮಡಿಕೆಯಲ್ಲಿ ಕಾಣುತ್ತಿದ್ದದ್ದು ನಂಬರ್ ಮಾತ್ರ. ಇನ್ನೂ ಬಾಯಿಪಾಠವಾಗದ ಹೊಸ ನಂಬರು. ಆಗಿನ ಟಿಕೇಟಿನಲ್ಲಿ ಫೋಟೋ ಇರಲಿಲ್ಲ, ಸಹಿ ಮಾಡುವ ಹಾಳೆಯಲ್ಲೂ ನಂಬರ್‌ ಬಿಟ್ಟರೆ ಹೆಸರಿರಲಿಲ್ಲ. ಇಬ್ಬರೂ ಟಿಕೇಟು ನೋಡಿ ಬೆಂಚಿನ ಮೇಲಿನ ಸೀಮೆಸುಣ್ಣದ ನಂಬರು ಹುಡುಕಿ ಕೂತೆವು. ಅವಳು ಮುಂದೆ, ನಾನು ಹಿಂದೆ. ಪರೀಕ್ಷೆ ಮುಗಿದ ಮೇಲೆ ಎರಡೂ ಟಿಕೇಟು ಮತ್ತೆ ನನ್ನ ಚೀಲ ಸೇರಿದವು; ಮರುದಿನ ಅವಸರವಿರಲಿಲ್ಲ, ಬಿಡಿಸಿ ಹೆಸರು ನೋಡಿ ಕೊಟ್ಟೆ. ಆ ದಿನ ನಾನು ಮುಂದೆ ಕೂತೆ, ಅವಳು ಹಿಂದೆ. ದಿನವೂ ನಂಬರ್ ಹೊಸದಾಗಿ ಬರೆಯುತ್ತಿದ್ದರಲ್ಲ, ಸಾಲು ಬದಲಿಸಿರಬೇಕು ಅಂದುಕೊಂಡಿದ್ದೆ.

ಅಂಕಗಳನ್ನು ಬರೆದವರು ಸಾಲು ತಪ್ಪಿರಲಿಲ್ಲ. ಎಣಿಸಿದವರು ತಪ್ಪಿರಲಿಲ್ಲ. ನಾನೇ ನನ್ನ ಕೈಯಾರೆ ನನ್ನ ನಂಬರನ್ನು ಅವಳಿಗೆ ಕೊಟ್ಟಿದ್ದೆ.

"ಗೊತ್ತಿಲ್ದ ಆಗೈತ್ರಿ," ಅಂದೆ. "ಬರದು ಕೊಡ್ತೇನ್ರಿ. ತಪ್ಪು ನಂದು ಅಂತ ಬರದು ಕೊಡ್ತೇನಿ."

ಗುಮಾಸ್ತರು ತಲೆ ಅಲ್ಲಾಡಿಸಿದರು. "ಹುಚ್ಚಿ ಅದಿಯೇನು? ಗೊತ್ತಿಲ್ದ ಆತು ಅಂದ್ರ ಯಾರು ನಂಬ್ತಾರ? ಒಬ್ಬರ ನಂಬರಿನ್ಯಾಗ ಇನ್ನೊಬ್ಬರು ಬರದ್ರ ಅದಕ್ಕ ನಕಲಿ ಅಭ್ಯರ್ಥಿ ಕೇಸ್ ಅಂತಾರ. ಇಬ್ಬರ ಎಲ್ಲಾ ಪೇಪರೂ ರದ್ದಾಗ್ತಾವ, ಮೂರ್ನಾಲ್ಕು ವರ್ಷ ಪರೀಕ್ಷೆಗೆ ಕುಂದ್ರಾಕ ಬಿಡೂದಿಲ್ಲ. ಆ ಹುಡುಗಿ ಪಾಸಾಗ್ಯಾಳ, ಅಕಿದೂ ಹೋಗ್ತೈತಿ. ನಾ ಏನೂ ನೋಡಿಲ್ಲ, ನಿನಗ ಏನೂ ಹೇಳಿಲ್ಲ. ಅಕ್ಟೋಬರ್ ಪರೀಕ್ಷೆ ಫಾರ್ಮಿಗೆ ಈ ವಾರ ಕಡೀದು. ತುಂಬಿ, ಬರದು ಪಾಸಾಗು. ಹೋಗು ತಂಗಿ."

ಮೆಟ್ಟಿಲ ಮೇಲೆ ಕೂತಿದ್ದ ಅಬ್ಬಾ, "ಏನಂದ್ರು?" ಅಂತ ಕೇಳಿದರು.

"ಬದಲಾವಣೆ ಇಲ್ಲಂತ," ಅಂದೆ.

ಬಸ್ಸಿನಲ್ಲಿ ಬರುವಾಗ ಅವರು ಯೂನಿವರ್ಸಿಟಿಯವರನ್ನು ದಾರಿಯುದ್ದಕ್ಕೂ ಬೈದರು. ಯಾವತ್ತೂ ಯಾರನ್ನೂ ಬೈಯದ ಮನುಷ್ಯ. ನನ್ನ ಮಗಳ ಬಾಳು ಹಾಳು ಮಾಡಿದರು, ಇವರ ಕೈ ಸೇದಿ ಬಿದ್ದುಹೋಗಲಿ ಅಂದರು. ನಾನು ನನ್ನ ಕೈಗಳನ್ನು ಬುರ್ಖಾದೊಳಗೆ ಎಳೆದುಕೊಂಡು ಕೂತಿದ್ದೆ.

ಎರಡು ದಿನ ಬಿಟ್ಟು, ಫಾರ್ಮ್ ತುಂಬಲು ಹಾವೇರಿಗೆ ಹೋಗುತ್ತೇನೆಂದು ಹೇಳಿ ಹೊರಟು, ಬರುವಾಗ ಮೋಟೆಬೆನ್ನೂರಿನಲ್ಲಿ ಇಳಿದೆ. ಹಂದರದ ಗಳಗಳು ಅವರ ಮನೆಯ ಗೋಡೆಗೆ ಇನ್ನೂ ಒರಗಿದ್ದವು. ಅವಳ ಅವ್ವ ನನ್ನನ್ನು ನೋಡಿದವಳೇ ಒಳಗೆ ಹೋದಳು. ಗೆಳತಿ ಹಿತ್ತಲಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಮೊಳಕೈತನಕ ಹಿಂಡಿ ಮೆತ್ತಿತ್ತು. ತೆಳ್ಳಗಾಗಿದ್ದಳು.

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಗುಮಾಸ್ತರು ನೋಡಿದ ದುಂಡಗಿನ ಅಕ್ಷರ, ಪೆನ್ಸಿಲ್ ಗೀಟು, ಆ ದಿನದ ಓಟ, ನಾಲ್ಕು ಮಡಿಕೆಯ ಟಿಕೇಟು. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ಹಿಂಡಿ ಕಲಸುವುದನ್ನು ನಿಲ್ಲಿಸಲಿಲ್ಲ. ಎಮ್ಮೆ ಬುಟ್ಟಿಗೆ ಬಾಯಿ ಹಾಕಿದಾಗ ಅದರ ಮೋರೆ ಒತ್ತಿ ಹಿಡಿದಳು.

"ಅಂದ್ರ ನಾ ಕದ್ದಿಲ್ಲ," ಅಂದಳು ಕೊನೆಗೆ.

"ಇಲ್ಲ."

"ನೀನೂ ಫೇಲಾಗಿಲ್ಲ."

"ಇಲ್ಲ."

"ಯಾರಿಗೆ ಹೇಳೂಣು ಈಗ?"

"ನಾ ರಾಣೆಬೆನ್ನೂರಿಗೆ ಹೋಗಿ ಅವರಿಗೆ ಹೇಳ್ತೇನಿ. ನಿಮ್ಮಪ್ಪಗ ಹೇಳ್ತೇನಿ. ಪ್ರಿನ್ಸಿಪಾಲರಿಗೆ—"

"ಬ್ಯಾಡ." ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಆ ಮನಶ್ಯಾ ಹೇಳ್ಯಾರಲ್ಲ, ಕೇಸ್ ಆಗ್ತೈತಿ ಅಂತ. ನೀ ಮತ್ತ ಪರೀಕ್ಷೆಗೆ ಕುಂದ್ರಬೇಕು. ಯಾರ ಮುಂದೂ ಬಾಯಿ ಬಿಡಬ್ಯಾಡ."

ನಾನು ಅಳಲು ಶುರು ಮಾಡಿದೆ. ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಹಿಂಡಿ ಹತ್ತೈತಿ," ಅಂದಳು. ಬುಟ್ಟಿಯನ್ನು ಎಮ್ಮೆಯ ಮುಂದೆ ತಳ್ಳಿ, "ಅಪ್ಪನ್ನ ನಾ ಕಳಿಸಿರಲಿಲ್ಲ. ಅಂವಾ ತಾನಾಗೇ ಹೋಗಿದ್ದ. ನೀ ಅದನ್ನ ಕೇಳಬೇಕಿತ್ತು," ಅಂದಳು.

ಅಷ್ಟೇ ಅವಳು ಆಡಿದ ದೂರು. ಬೈದಿದ್ದರೆ ನನಗೆ ಒಂದು ದಾರಿಯಾದರೂ ಸಿಗುತ್ತಿತ್ತು. ಹೊರಗೆ ಬಂದಾಗ ಅವಳ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಅವರ ಮನೆಗೆ ಬಂದ ಬೇರೆಯವರ ಮಗಳಿಗೆ ಕೊಡುವ ಮರ್ಯಾದೆ ಅದು. ನಾನು ಏನೂ ಹೇಳದೆ ಬಸ್ಸಿಗೆ ನಡೆದೆ.

ಅಕ್ಟೋಬರಿನಲ್ಲಿ ಪರೀಕ್ಷೆಗೆ ಕೂತೆ. ಗೊತ್ತಿದ್ದ ಲೆಕ್ಕಗಳೇ ಬಂದಿದ್ದವು. ಆದರೆ ಮೇಲೆ ನಂಬರ್ ಬರೆದು, ಟಿಕೇಟು ಬಿಡಿಸಿ ಹೆಸರು ಓದಿ, ಮತ್ತೆ ನಂಬರ್ ನೋಡಿ, ಹತ್ತು ನಿಮಿಷಕ್ಕೊಮ್ಮೆ ಅದನ್ನೇ ಮಾಡುತ್ತ ಅರ್ಧ ಹೊತ್ತು ಕಳೆದೆ. ನಲವತ್ತೊಂದು ಬಂತು. ಪಾಸಾದೆ. ಫಲಿತಾಂಶ ಬರುವಷ್ಟರಲ್ಲಿ ನನ್ನ ನಿಕಾಹ ಮುಗಿದು ರಾಣೆಬೆನ್ನೂರಿನಲ್ಲಿದ್ದೆ. ಗಂಡನಿಗೆ ಸೈಕಲ್ ಅಂಗಡಿ. ಒಳ್ಳೆಯ ಮನುಷ್ಯ. ಡಿಗ್ರಿ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಅಂದರು. ಬೇಡ ಅಂದೆ. ಯಾಕೆಂದು ಕೇಳಿದರು, ಹೇಳಲಿಲ್ಲ. ಅಬ್ಬಾನಿಗೂ ಹೇಳಲಿಲ್ಲ. ಅವರು ಕೊನೆಯತನಕ ಯೂನಿವರ್ಸಿಟಿಯ ಹೆಸರು ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದರು.

ಬೀಜದ ಕಂಪನಿಯ ಆ ಗಂಡಿನ ಮನೆ ನಮ್ಮ ಓಣಿಯಿಂದ ದೂರವಿರಲಿಲ್ಲ. ಅವನು ಬೇರೆ ಹುಡುಗಿಯನ್ನು ಮಾಡಿಕೊಂಡಿದ್ದ. ಅವಳು ಡಿಗ್ರಿ ಆದವಳಲ್ಲ ಎಂದು ಆಮೇಲೆ ತಿಳಿಯಿತು. ಎಷ್ಟೋ ಸಲ ಅವರ ಬಾಗಿಲತನಕ ಹೋಗಿದ್ದೇನೆ. ಏನೆಂದು ಹೇಳಲಿ, ಈಗ ಹೇಳಿ ಏನಾಗಬೇಕು ಎಂದು ತರಕಾರಿ ಚೀಲ ಹಿಡಿದು ಹಾಗೇ ತಿರುಗಿದ್ದೇನೆ.

ಗೆಳತಿಯ ಲಗ್ನ ನಾಲ್ಕು ವರ್ಷ ತಡವಾಗಿ ಆಯಿತು. ಹೆಂಡತಿ ತೀರಿಹೋದ, ಎರಡು ಮಕ್ಕಳಿದ್ದ ಒಬ್ಬರಿಗೆ ಕೊಟ್ಟರು. ನನಗೆ ಕರೆಯಿರಲಿಲ್ಲ. ಅವಳ ಅಪ್ಪನಿಗೆ ಒಂದು ದಿನ ಎಲ್ಲವನ್ನೂ ಹೇಳಿಬಿಡಬೇಕು, ಕೇಸಿನ ಭಯ ಈಗಿಲ್ಲ ಎಂದು ವರ್ಷ ವರ್ಷವೂ ಅಂದುಕೊಳ್ಳುತ್ತಿದ್ದೆ. ತವರಿಗೆ ಹೋಗುವ ಬಸ್ಸು ಅವರ ಊರಿನ ಮೇಲೆಯೇ ಹೋಗುತ್ತಿತ್ತು. ಈ ಸಲ ಬೇಡ, ಮಗು ಸಣ್ಣದಿದೆ. ಈ ಸಲ ಬೇಡ, ಬಿಸಿಲಿದೆ.

ಹಾವೇರಿ ಜಿಲ್ಲೆಯಾದ ಮೇಲೆ ಒಂದು ದಿನ, ಮಗಳ ಸ್ಕಾಲರ್‌ಶಿಪ್ಪಿನ ಕಾಗದಕ್ಕಾಗಿ ಅಲ್ಲಿಯ ಕಚೇರಿಗೆ ಹೋಗಿದ್ದೆ. ವರಾಂಡದ ಬೆಂಚಿನ ಮೇಲೆ ಅವಳು ಕೂತಿದ್ದಳು. ಕನ್ನಡಕ ಬಂದಿತ್ತು, ಮುಂದಲೆ ಬೆಳ್ಳಗಾಗಿತ್ತು. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಅವಳು ಸರಿದು ಜಾಗ ಕೊಟ್ಟಳು.

"ಅರಾಮದಿ?" ಎಂದು ಕೇಳಿದಳು.

"ಅರಾಮ. ನೀ ಇಲ್ಲೇನು?"

"ಹೊಲದ ವಾರಸಾ ಮಾಡ್ಸಾಕ ಬಂದೇನಿ. ಅಪ್ಪ ಹೋದ. ಮೂರು ತಿಂಗಳಾತು."

ಅವಳು ಅವರ ಕಾಯಿಲೆಯ ಬಗ್ಗೆ, ಕೊನೆಯ ದಿನಗಳಲ್ಲಿ ಅವರು ಅನ್ನ ಬಿಟ್ಟದ್ದರ ಬಗ್ಗೆ ಸ್ವಲ್ಪ ಹೇಳಿದಳು. ಬೇರೆಯವರಿಗೆ ಹೇಳುವಂತೆಯೇ.

"ಅವರಿಗೆ ನೀ ಹೇಳಿದ್ದೇನು? ಟಿಕೇಟಿನ ಸುದ್ದಿ?" ಅಂದೆ.

"ಇಲ್ಲ."

"ಯಾಕ?"

"ನಿನ್ನ ಹೆಸರು ಹೇಳಬೇಕಾಗ್ತಿತ್ತು," ಅಂದಳು. "ಹೇಳಿದ್ರ ನಂಬ್ತಿದ್ದನೋ ಏನೋ. ತನ್ನ ತಪ್ಪು ಮುಚ್ಚಾಕ ಹೇಳಾಕತ್ತಾಳ ಅಂತಿದ್ದ. ನನ್ನ ಮುಂದ ಯಾವತ್ತೂ ಅದರ ಮಾತು ತಗೀಲಿಲ್ಲ ಅಂವಾ. ನಾನೂ ತಗೀಲಿಲ್ಲ."

ಒಳಗಿನಿಂದ ಯಾರೋ ಅವಳ ಅಪ್ಪನ ಹೆಸರು ಕೂಗಿದರು. ಅವಳು ಕಾಗದಗಳನ್ನು ಎತ್ತಿಕೊಂಡು ಹೋದಳು. ನನ್ನ ಕೆಲಸ ಮೊದಲು ಮುಗಿಯಿತು. ಹೊರಗೆ ಗೇಟಿನ ಬಳಿ ಒಂದು ತಾಸು ನಿಂತೆ. ಅವಳು ಹೊರಬಂದಾಗ ಜೊತೆಗೆ ಗಂಡ ಇದ್ದ, ಗಂಡನ ಅಣ್ಣ ಇದ್ದ. ಹೊಲದ ಹಂಚಿಕೆಯ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. ಅವಳು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಬರುತ್ತೇನೆ ಎಂದೋ, ಬರಬೇಡ ಎಂದೋ ನನಗೆ ತಿಳಿಯಲಿಲ್ಲ. ಮೂವರೂ ಆಟೋ ಹತ್ತಿ ಹೋದರು.